ರೊಟ್ಟಿಗೂ ಮೊದಲು ಹಿಂಡಿ: ಮುದಗಲ್ ಸೀಮೆಯ ಊಟ ಕಲಿಯಬೇಕೆನ್ನುವವರಿಗೆ

ಜೋಳದ ರೊಟ್ಟಿ ಊಟವನ್ನು ಮನೆಯಲ್ಲಿ ರೂಢಿ ಮಾಡಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಹಂಚಿನ ಮುಂದೆ ನಿಲ್ಲುತ್ತಾರೆ. ಅಂಚು ಸೀಳುತ್ತದೆ, ನಡುವೆ ಹರಿಯುತ್ತದೆ, ಹಂಚಿಗೆ ಹಾಕುವಾಗ ಅರ್ಧ ರೊಟ್ಟಿ ಕೈಯಲ್ಲೇ ಉಳಿಯುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಹಿಟ್ಟಿನ ಡಬ್ಬಿ ಕಪಾಟಿನ ಹಿಂದಕ್ಕೆ ಸರಿದು ಚಪಾತಿ ಮರಳಿ ಬಂದಿರುತ್ತದೆ. ರಾಯಚೂರು ಜಿಲ್ಲೆಯ ಮುದಗಲ್, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಈ ಊಟ ಕಲಿಯುವ ಕ್ರಮವೇ ಬೇರೆ. ಮೊದಲು ಶೇಂಗಾ ಹುರಿಯುವುದು, ಬಳ್ಳೊಳ್ಳಿ ಸುಲಿಯುವುದು, ಹಿಂಡಿ (ಚಟ್ನಿಪುಡಿ) ಕುಟ್ಟುವುದು, ಪುಂಡಿ ಸೊಪ್ಪು ಸೋಸುವುದು. ರೊಟ್ಟಿ ಬಡಿಯುವ ಕೆಲಸ ಕೈಗೆ ಬರುವುದು ಕೊನೆಗೆ. ಅಲ್ಲಿಯವರೆಗೆ ರೊಟ್ಟಿಯನ್ನು ಅವ್ವ ಬಡಿಯುತ್ತಾಳೆ. ನಗರದಲ್ಲಿರುವವರಿಗೆ ಅವ್ವನ ಜಾಗದಲ್ಲಿ ರೊಟ್ಟಿ ಕೇಂದ್ರಗಳಿವೆ. ಕೊಂಡ ಖಡಕ್ ರೊಟ್ಟಿಗೆ ನಾಚಿಕೆಪಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಅಂಗಡಿಯ ಹಿಂಡಿ ಕೂತಾಗ ಮಾತ್ರ ಊಟದ ಕಳೆ ಹೋಗುತ್ತದೆ.

ಹಾಗಾಗಿ ಈ ಲೇಖನ ಶುರುವಾಗುವುದು ಡಬ್ಬಿ, ಜಾಡಿಗಳಿಂದ.

ಮನೆಯಲ್ಲಿ ಕೊರಿಯಾದ ಧಾರಾವಾಹಿ ನೋಡುವ ಮಕ್ಕಳಿದ್ದರೆ, ನಂಜಿಕೊಳ್ಳುವುದೇ ಊಟದ ಕಳೆ ಎಂಬ ಮಾತನ್ನು ಅವರು ಬೇಗ ಒಪ್ಪುತ್ತಾರೆ. ಕೊರಿಯಾದ ಊಟದಲ್ಲಿ ನಡುವೆ ಅನ್ನ, ಪಕ್ಕದಲ್ಲಿ ಸಾರು, ಸುತ್ತ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬಾಂಚಾನ್ ಎಂಬ ನಂಜಿಕೊಳ್ಳುವ ಪದಾರ್ಥಗಳು. ಅವುಗಳ ರಾಜ ಕಿಮ್ಚಿ. ಚಳಿಗಾಲ ಕಚ್ಚುವ ಮುನ್ನ ಓಣಿಯವರು, ಬಂಧುಗಳು ಒಂದೆಡೆ ಕೂಡಿ ರಾಶಿಗಟ್ಟಲೆ ನಾಪಾ ಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಸವರಿ ಹುಳಿ ಬರಲು ತುಂಬಿಡುವ ಪದ್ಧತಿಗೆ ಕಿಮ್‌ಜಾಂಗ್ ಎನ್ನುತ್ತಾರೆ. ಯುನೆಸ್ಕೊ 2013ರಲ್ಲಿ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಕಿಮ್ಚಿಯ ರುಚಿಯಲ್ಲ, ಕೂಡಿ ಮಾಡಿ ಹಂಚಿಕೊಳ್ಳುವ ಆ ನಡಾವಳಿ. ನಮ್ಮಲ್ಲಿ ಬೇಸಿಗೆಯಲ್ಲಿ ಶ್ಯಾವಿಗೆ, ಸಂಡಿಗೆ, ಹಪ್ಪಳಕ್ಕೆಂದು ಮಾಳಿಗೆಯ ಮೇಲೆ ಸೇರುವ ಓಣಿಯ ಹೆಂಗಸರು ಯಾವ ಪಟ್ಟಿಗೂ ಅರ್ಜಿ ಹಾಕಿದವರಲ್ಲ.

ಇನ್ನೊಂದು ನಂಟೂ ಉಂಟು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು, ಕೊರಿಯಾ ಮುಟ್ಟಿದ್ದೂ ಅದರ ಬಳಿಕವೇ. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಕೃಷ್ಣದೇವರಾಯ 1520ರಲ್ಲಿ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಮುದಗಲ್ ಕೋಟೆಯ ಸಿಪಾಯಿಗೆ ಕೆಂಪು ಖಾರವೂ ಇರಲಿಲ್ಲ, ಶೇಂಗಾ ಹಿಂಡಿಯೂ ಇರಲಿಲ್ಲ. ಜೋಳವಿತ್ತು, ಎಳ್ಳು ಅಗಸಿಗಳಿದ್ದವು. ಆ ಜೋಳದ ಮೂಲವೂ ಆಫ್ರಿಕಾ, ಅದು ಬಂದು ಸಾವಿರಾರು ವರ್ಷವಾಯಿತು ಅಷ್ಟೇ. ‘ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವ ಮುನ್ನ ತಟ್ಟೆಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮೂರು ಹಿಂಡಿ, ಒಂದು ಜಾಡಿ

ಶೇಂಗಾ ಹಿಂಡಿಗೆ ಒಂದು ದೊಡ್ಡ ಬಟ್ಟಲು ಶೇಂಗಾ, ಹತ್ತು ಎಸಳು ಬಳ್ಳೊಳ್ಳಿ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ರುಚಿಗೆ ಉಪ್ಪು ಸಾಕು. ಶೇಂಗಾ ಹುರಿಯುವಾಗ ಅವಸರ ಮಾಡಬಾರದು. ಉರಿ ಜೋರಾದರೆ ಸಿಪ್ಪೆ ಸೀದು ಕಾಳಿನ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ಕೇರಬೇಕು. ಬಳ್ಳೊಳ್ಳಿಯನ್ನು ಸಿಪ್ಪೆಸಹಿತ ಹಾಕುವವರೂ ಇದ್ದಾರೆ, ವಾಸನೆ ಗಟ್ಟಿ ಬರುತ್ತದೆ. ಒರಳಲ್ಲಿ ಕುಟ್ಟಿದರೆ ಕಾಳು ತನ್ನ ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಹದಕ್ಕೆ ಬರುತ್ತದೆ. ಮಿಕ್ಸಿಯಾದರೆ ಒಂದೇ ಸಮ ತಿರುಗಿಸದೆ ತಡೆದು ತಡೆದು ಒತ್ತಿ. ತರಿತರಿಯಾಗಿರಬೇಕು. ನುಣ್ಣಗಾದರೆ ಅದು ಹಿಂಡಿಯಲ್ಲ, ಮುದ್ದೆ.

ಅಗಸಿ ಹಿಂಡಿಗೆ ಅಗಸಿ ಬೀಜವನ್ನು ಚಟಪಟ ಸಿಡಿಯುವವರೆಗೆ ಹುರಿಯಬೇಕು, ಸಿಡಿಯುವುದು ನಿಂತ ಕ್ಷಣ ಇಳಿಸಬೇಕು. ಉಳಿದದ್ದು ಶೇಂಗಾ ಹಿಂಡಿಯಂತೆಯೇ, ಹುಣಸೆಯ ಚೂರೊಂದು ಜೊತೆಗಿರಲಿ. ಅಗಸಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಹದಿನೈದು ದಿನಕ್ಕಾಗುವಷ್ಟನ್ನೇ ಮಾಡಿಕೊಳ್ಳಿ. ಮೂರನೆಯದು ಗುರೆಳ್ಳು, ಬೆಂಗಳೂರು ಕಡೆಯ ಹುಚ್ಚೆಳ್ಳು. ಕಪ್ಪಗಿನ ಈ ಹಿಂಡಿ ನೋಡಲು ಚೆಂದವಿಲ್ಲ. ಆದರೆ ಎಣ್ಣೆಗಾಯಿಯ ಮಸಾಲೆಗೆ ಒಂದು ಚಮಚ ಬಿದ್ದರೆ ಬದನೆಕಾಯಿಯ ರುಚಿಯೇ ಬೇರೆಯಾಗುತ್ತದೆ.

ಜಾಡಿಯಲ್ಲಿರುವುದು ಕೆಂಪು ಖಾರ. ರಂಜಕ ಎಂದೂ ಕರೆಯುತ್ತಾರೆ. ಗಿಡದಲ್ಲೇ ಹಣ್ಣಾದ, ಇನ್ನೂ ಒಣಗದ ಮೆಣಸಿನಕಾಯಿ ಚಳಿಗಾಲದಲ್ಲಿ ಸಂತೆಗೆ ಬರುತ್ತದೆ. ಮಾಡಬೇಕಾದ್ದೂ ಆಗಲೇ. ಅರ್ಧ ಕಿಲೋ ಹಣ್ಣು ಮೆಣಸಿನಕಾಯಿಯನ್ನು ತೊಳೆದು ನೆರಳಲ್ಲಿ ಆರಿಸಿ, ಒಣ ಬಟ್ಟೆಯಿಂದ ಒಂದೊಂದನ್ನೂ ಒರೆಸಬೇಕು. ತೊಟ್ಟು ತೆಗೆಯುವುದು ಒರೆಸಿದ ಮೇಲೆ. ಮೊದಲೇ ತೆಗೆದರೆ ನೀರು ಒಳಗೆ ಇಳಿಯುತ್ತದೆ, ನೀರಿಳಿದ ಖಾರ ಬೂಸು ಹಿಡಿಯುತ್ತದೆ. ನೂರು ಗ್ರಾಂ ಬಳ್ಳೊಳ್ಳಿ, ನೂರು ಗ್ರಾಂನ ಆಸುಪಾಸು ಉಪ್ಪು, ಒಂದು ಚಮಚ ಹುರಿದ ಮೆಂತ್ಯ, ಜೀರಿಗೆ ಸೇರಿಸಿ ರುಬ್ಬಿ, ಐದಾರು ನಿಂಬೆಹಣ್ಣಿನ ರಸ ಹಿಂಡಬೇಕು. ಪಿಂಗಾಣಿ ಜಾಡಿಗೆ ತುಂಬಿ ಮೇಲೆ ಬೆರಳೆತ್ತರ ಎಣ್ಣೆ ನಿಲ್ಲಿಸಿದರೆ ವರ್ಷದವರೆಗೆ ಕೆಡುವ ಮಾತಿಲ್ಲ. ಮೊದಲ ವಾರ ತಿನ್ನಬೇಡಿ. ಖಾರವೊಂದೇ ನೆತ್ತಿಗೇರುತ್ತದೆ. ಉಪ್ಪು ಹುಳಿಗಳು ಖಾರದ ಜೊತೆ ಹೊಂದಿಕೊಳ್ಳಲು ಸಮಯ ಬೇಕು. ಬಿಸಿ ರೊಟ್ಟಿಯ ಮೇಲೆ ಇದನ್ನು ಸವರಿ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಂಡು ತಿಂದವರು ಬೇರೆ ಪಲ್ಯ ಕೇಳುವುದಿಲ್ಲ.

ಪುಂಡಿಪಲ್ಯ, ಅಂದರೆ ಎರಡನೇ ದಿನದ ಪಲ್ಯ

ಕಾಳುಪಲ್ಯ, ಜುಣಕ, ಎಣ್ಣೆಗಾಯಿಗಳ ವಿಧಾನ ಎಲ್ಲೆಡೆ ಸಿಗುತ್ತದೆ. ಪುಂಡಿಪಲ್ಯದ ಬಗ್ಗೆ ಮಾತ್ರ ಹೇಳಲೇಬೇಕು, ಏಕೆಂದರೆ ತೆಲುಗರ ಗೋಂಗೂರ ಪಚ್ಚಡಿಯೆಂದು ತಿಳಿದು ಇದನ್ನು ಕೆಡಿಸುವವರೇ ಜಾಸ್ತಿ. ಸೊಪ್ಪು ಅದೇ ಜಾತಿಯದು. ಅಡುಗೆ ಬೇರೆ. ಇಲ್ಲಿ ಸೊಪ್ಪಿನ ಹುಳಿಯನ್ನು ಕಟ್ಟಿಹಾಕುವುದು ಜೋಳದ ನುಚ್ಚು.

ಎರಡು ಸಿವುಡು ಪುಂಡಿಗೆ ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು. ಸೊಪ್ಪನ್ನು ಬೇರೆಯಾಗಿ ಕುದಿಸಿ ಆ ನೀರು ಬಸಿದುಬಿಡಿ, ಇಲ್ಲದಿದ್ದರೆ ಹಲ್ಲು ಚುಳಿಯುವಷ್ಟು ಹುಳಿ. ಬೇಳೆ, ನುಚ್ಚು, ಸೀಳಿದ ಹಸಿಮೆಣಸಿನಕಾಯಿ ಕೂಡಿ ಮೆತ್ತಗೆ ಬೆಂದ ಮೇಲೆ ಸೊಪ್ಪು ಬೆರೆಸಿ ಉಪ್ಪು ಹಾಕಿ ಕಡೆಗೋಲಿನಿಂದ ಮಸೆಯಬೇಕು. ಒಗ್ಗರಣೆಗೆ ಧಾರಾಳ ಎಣ್ಣೆ. ಹಿಂದೆ ಮನೆಯ ಕುಸುಬಿ ಎಣ್ಣೆ ಇರುತ್ತಿತ್ತು, ಈಗ ಶೇಂಗಾ ಎಣ್ಣೆ. ಜಜ್ಜಿದ ಬಳ್ಳೊಳ್ಳಿ ಕೆಂಪಗಾಗಿ ಮನೆಯೆಲ್ಲ ಘಮ್ಮೆನ್ನಬೇಕು. ಇಷ್ಟು ಮಾಡಿ ಆ ದಿನ ಉಂಡರೆ ಅರ್ಧ ರುಚಿ, ಮರುದಿನ ಬೆಳಗ್ಗೆ ತಂಗಳು ರೊಟ್ಟಿಯ ಜೊತೆಗೆ ಪೂರ್ತಿ ರುಚಿ.

ಹಸಿಯಾಗಿ ತಿನ್ನುವುದನ್ನು ಮರೆಯಬಾರದು. ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಎಳೆ ಮೂಲಂಗಿ ಎಲ್ಲವೂ ಹಸಿಯಾಗಿಯೇ ತಟ್ಟೆಗೆ ಬರುತ್ತವೆ. ಉಳ್ಳಾಗಡ್ಡಿಯನ್ನು ಚಾಕುವಿನಲ್ಲಿ ಕೊಯ್ದರೆ ಹಿರಿಯರು ನಗುತ್ತಾರೆ. ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರೆ ಖಾರದ ನೀರು ಬಿಟ್ಟುಕೊಂಡು ಸಿಹಿಯಾಗುತ್ತದೆ ಎಂಬುದು ಅವರ ವಾದ. ವಾದ ಹಾಗಿರಲಿ, ಗುದ್ದುವ ಖುಷಿಯಂತೂ ಖಂಡಿತ.

ಈಗ ರೊಟ್ಟಿ

ಮೊದಲು ಜೋಳ. ಮುದಗಲ್ ಸೀಮೆಯ ಎರಿ ಹೊಲಗಳಲ್ಲಿ ಹಿಂಗಾರಿಗೆ ಬಿತ್ತಿ, ಬಹುತೇಕ ಹನಿ ಮಳೆಯಿಲ್ಲದೆ ನೆಲದ ತೇವ ಮತ್ತು ಚಳಿಯಲ್ಲೇ ಬೆಳೆಯುವ ಬಿಳಿಜೋಳ ರೊಟ್ಟಿಗೆ ಹೇಳಿ ಮಾಡಿಸಿದ್ದು. ಅಂಗಡಿಯಲ್ಲಿ ‘ಮಾಲದಂಡಿ’ ಎಂದು ಕೇಳಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ಬೆಳೆಸಿದ ಎಂ 35-1 ತಳಿ ಇದೇ. ಮುತ್ತಿನಂಥ ಕಾಳು. ಮುಂಗಾರಿ ಹೈಬ್ರಿಡ್ ಜೋಳ ಅಗ್ಗ, ಆದರೆ ಮಳೆಗೆ ಸಿಕ್ಕಿ ಕಪ್ಪಿಟ್ಟ ಕಾಳಿನ ರೊಟ್ಟಿಗೆ ಆ ಸಿಹಿ ಇರುವುದಿಲ್ಲ. ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೆ ಸಿಂಧನೂರಿನ ಕಡೆ ಚಿತ್ರ ಬೇರೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಎಡದಂಡೆ ನಾಲೆ ಹರಿದು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದು, ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ಅಲ್ಲಿಯೂ ಮನೆಯಲ್ಲಿ ರೊಟ್ಟಿ ಬಿಟ್ಟಿಲ್ಲ. ಆದರೆ ಜೋಳವನ್ನು ಚೀಲದಲ್ಲಿ ಕೊಳ್ಳುವವರಾದರು. ಅನ್ನಕ್ಕೆ ಮರ್ಯಾದೆ, ರೊಟ್ಟಿಗೆ ಬಡತನದ ಹೆಸರು ಅಂಟಿದ ದಶಕಗಳು ಅವು. ಸಕ್ಕರೆ ಕಾಯಿಲೆ ಹೆಚ್ಚಿದ ಮೇಲೆ ಲೆಕ್ಕ ತಿರುಗಿದೆ. ಜೋಳದಲ್ಲಿ ನಾರು ಹೆಚ್ಚು, ನೂರು ಗ್ರಾಂನಲ್ಲಿ ಸುಮಾರು ಹತ್ತು ಗ್ರಾಂ ಪ್ರೋಟೀನು ಎಂಬುದು ನಿಜ. ಆದರೂ ಅದು ಪಿಷ್ಟವೇ. ಔಷಧಿಯೆಂದು ನಾಲ್ಕು ರೊಟ್ಟಿ ಹೆಚ್ಚು ತಿನ್ನುವವರು ಡಾಕ್ಟರನ್ನು ಕೇಳಿ ತಿನ್ನಲಿ.

ಹಿಟ್ಟು ಹೊಸದಿರಬೇಕು. ಇದರಲ್ಲಿ ರಾಜಿಯಿಲ್ಲ. ಹಳೆಯದಾದಂತೆ ಜಿಗಿ ಹೋಗುತ್ತದೆ, ರೊಟ್ಟಿ ಸೀಳುತ್ತದೆ. ಕೈ ಪಳಗಿದವರು ಹದಿನೈದು ದಿನದ ಹಿಟ್ಟಿನಲ್ಲೂ ಬಡಿದಾರು. ಹೊಸಬರು ವಾರಕ್ಕಾಗುವಷ್ಟನ್ನೇ ಬೀಸಿಸಿ. ಗಿರಣಿಯಲ್ಲಿ ಗೋಧಿಯೋ ಕಡಲೆಯೋ ಬೀಸಿದ ಬೆನ್ನಿಗೆ ನಿಮ್ಮ ಜೋಳ ಹಾಕಿಸಬೇಡಿ, ಜೋಳದ ಸರದಿಗೆ ಕಾಯಿರಿ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆ ಕೆಲಸವನ್ನು ಇಲ್ಲಿ ಕುದಿಯುವ ನೀರು ಮಾಡುತ್ತದೆ. ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ. ಆದ್ದರಿಂದ ಎಸರು ಬರೀ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. “ಎಸರು ಕುದಿಲಿ ತಡಿಯವಾ, ಏನ್ ಅವಸರ ನಿಂದು?” ಎಂಬ ಬೈಗುಳ ಕೇಳದೆ ಅಲ್ಲಿ ಯಾರೂ ರೊಟ್ಟಿ ಕಲಿತಿಲ್ಲ. ಎರಡು ಬಟ್ಟಲು ಹಿಟ್ಟಿನ ನಡುವೆ ಗುಂಡಿ ಮಾಡಿ, ಒಂದೂವರೆ ಬಟ್ಟಲಿನಷ್ಟು ಎಸರನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ದು ಸೌಟಿನ ಹಿಡಿಯಿಂದ ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ನಾದಬೇಕು. ಒಟ್ಟಿಗೆ ಎಲ್ಲವನ್ನೂ ನಾದಿಟ್ಟರೆ ಕೊನೆಯ ರೊಟ್ಟಿಗೆ ಹಿಟ್ಟು ಬಿರುಸಾಗುತ್ತದೆ. ಒಂದೊಂದು ರೊಟ್ಟಿಯ ಹಿಟ್ಟನ್ನು ಆಗಾಗ ತೆಗೆದುಕೊಂಡು ನೀರು ಮುಟ್ಟಿಸಿ ನಾದುವುದೇ ಸರಿ. ಉಂಡೆಯನ್ನು ಅಂಗೈಯಲ್ಲಿ ಒತ್ತಿ ನೋಡಿ. ಅಂಚು ಬಿರಿಯದಿದ್ದರೆ ಬಡಿಯಲು ಹದವಾಗಿದೆ.

ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ, ಇಲ್ಲದಿದ್ದರೆ ಅಡುಗೆಕಟ್ಟೆಯ ಮೇಲೆಯೇ, ಒಣಹಿಟ್ಟು ಉದುರಿಸಿ ಬಡಿಯಿರಿ. ಬಡಿಯುವ ಕೈ ರೊಟ್ಟಿಯನ್ನು ತಾನೇ ತಿರುಗಿಸುತ್ತಿರಬೇಕು. ಬೆರಳು ಅಂಚನ್ನು ಕಾಯಬೇಕು, ಅಂಗೈ ನಡುವನ್ನು. ಹಂಚಿಗೆ ಹಾಕುವಾಗ ಒಣಹಿಟ್ಟಿನ ಮಗ್ಗಲು ಮೇಲೆ ಬರಲಿ. ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ. ನೀರು ಪೂರ್ತಿ ಆರುವ ಮೊದಲು ಮಗುಚಿ ಹಾಕಿ. ಪೂರ್ತಿ ಒಣಗಿದ ಮೇಲೆ ಮಗುಚಿದರೆ ಬಿರುಕು, ನೀರಿರುವಾಗಲೇ ಮಗುಚಿದರೆ ಹಂಚಿಗೆ ಅಂಟು. ಇದರ ನಡುವಿನ ಕ್ಷಣವನ್ನು ಬರೆದು ತಿಳಿಸಲಾಗದು. ಎರಡನೇ ಮಗ್ಗಲು ಬೆಂದ ಮೇಲೆ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಮೊದಲು ಸಣ್ಣವನ್ನೇ ಬಡಿಯಿರಿ. ತಟ್ಟೆಯಗಲದ ರೊಟ್ಟಿ ಯಾರಿಗೂ ಮೊದಲ ತಿಂಗಳಲ್ಲಿ ಬಂದಿಲ್ಲ.

ಖಡಕ್ ರೊಟ್ಟಿಗೆ ಇನ್ನೂ ತೆಳ್ಳಗೆ ಬಡಿದು, ಉರಿ ತಗ್ಗಿಸಿ, ಬಟ್ಟೆಯ ಉಂಡೆಯಿಂದ ಒತ್ತುತ್ತ ತೇವವೆಲ್ಲ ಹೋಗುವಂತೆ ಸುಡಬೇಕು. ಒಂದರ ಮೇಲೊಂದು ಬಿಸಿಯಲ್ಲೇ ಪೇರಿಸಿದರೆ ಬೆವರಿ ಮೆತ್ತಗಾಗುತ್ತವೆ. ಬುಟ್ಟಿಯಲ್ಲಿ ನಿಲ್ಲಿಸಿ ಆರಿಸಿ, ಬಿಳಿ ಅರಿವೆ ಹಾಸಿ ಮುಚ್ಚಿಟ್ಟರೆ ತಿಂಗಳು ಕಳೆದರೂ ಕೆಡುವುದಿಲ್ಲ.

ಯಾವಾಗ ಹೋದರೆ ಏನು ಉಣ್ಣಬಹುದು

ಈ ಊಟ ನೋಡಲೆಂದೇ ಮುದಗಲ್ಲಿಗೆ ಹೋಗುವವರು ದಿನ ನೋಡಿಕೊಂಡು ಹೋಗಬೇಕು. ಹಬ್ಬಗಳಿಲ್ಲದ ದಿನಗಳಲ್ಲಿ ಖಾನಾವಳಿಯ ರೊಟ್ಟಿ, ಎರಡು ಪಲ್ಯ, ಹಿಂಡಿ, ಮೊಸರು, ಕೊನೆಗೆ ಒಂದು ಹಿಡಿ ಅನ್ನ ಸಾರು. ಅದೂ ಒಳ್ಳೆಯ ಊಟವೇ. “ಬಿಸಿದೋ ಖಡಕ್ಕೋ?” ಎಂದು ಕೇಳಿದರೆ ಬಿಸಿಯದನ್ನೇ ಹೇಳಿ, ಖಡಕ್ ರೊಟ್ಟಿ ಕಟ್ಟಿಸಿಕೊಂಡು ಊರಿಗೆ ತರಬಹುದು. ಬೆಳಗಿನ ಹೊತ್ತಾದರೆ ಮಂಡಾಳ ಒಗ್ಗರಣಿ, ಮಿರ್ಚಿ.

ಶ್ರಾವಣದ ನಾಗರ ಪಂಚಮಿಯ ಮುನ್ನಾದಿನಗಳಲ್ಲಿ ರೊಟ್ಟಿ ಪಂಚಮಿ ಬರುತ್ತದೆ. ಉತ್ತರ ಕರ್ನಾಟಕದ ಹೊರಗೆ ಇದರ ಹೆಸರು ಕೇಳಿದವರು ಕಡಿಮೆ. ವಾರ ಮೊದಲೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರು. ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು, ಎಲ್ಲವೂ ಖಡಕ್. ಹಬ್ಬದ ದಿನ ರೊಟ್ಟಿಯ ಮೇಲೆ ನಾಲ್ಕೈದು ಬಗೆಯ ಪಲ್ಯ, ಹಿಂಡಿ ಇಟ್ಟು ಓಣಿಯ ಮನೆಗಳಿಗೆ ಬೀರುತ್ತಾರೆ, ಅವರ ಮನೆಯದು ಇವರಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ಯಾರ ಮನೆಯಲ್ಲೂ ತಮ್ಮ ರೊಟ್ಟಿ ಉಳಿದಿರುವುದಿಲ್ಲ, ತಟ್ಟೆ ತುಂಬ ಬೇರೆಯವರ ಕೈರುಚಿ. ಯಾವ ಮನೆಯ ಗುರೆಳ್ಳು ಹಿಂಡಿ ಚಲೋ ಎಂಬ ತೀರ್ಪು ಆ ದಿನ ಆಗಿಹೋಗುತ್ತದೆ, ವರ್ಷವಿಡೀ ನಿಲ್ಲುತ್ತದೆ. ಹಿಂದೆಯೇ ಅಳ್ಳು, ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿಗಳ ಸರದಿ.

ಮೊಹರಂ ಮುದಗಲ್ಲಿನ ದೊಡ್ಡ ಹಬ್ಬ. ಊರವರ ಬಾಯಲ್ಲಿ ಅಲಾಯಿ ಹಬ್ಬ. ಆದಿಲ್‌ಶಾಹಿ ಕಾಲದಿಂದ ನಡೆದುಬಂದದ್ದೆಂದು ಊರು ಹೇಳುತ್ತದೆ. ಹುಸೇನಿ ಆಲಂ ಎಂಬ ಪಂಜಾದ ದರ್ಶನಕ್ಕೆ ಸುತ್ತಲ ಜಿಲ್ಲೆಗಳಿಂದ ಬರುವ ಜನರಲ್ಲಿ ಹಿಂದೂಗಳ ಸಂಖ್ಯೆ ಸಣ್ಣದೇನಲ್ಲ. ಹರಕೆ ಹೊತ್ತವರು ಸಕ್ಕರೆ ತಂದು ಆಲಂಗಳ ಮುಂದೆ ಫಾತೆಹಾ ಓದಿಸುತ್ತಾರೆ. ಓದಿಸಿದ ಸಕ್ಕರೆ ಸಿಕ್ಕವರ ಕೈಗೆಲ್ಲ ಚಿಟಿಕೆ ಚಿಟಿಕೆ ಹಂಚಿಹೋಗುತ್ತದೆ. ಮನೆಗಳಲ್ಲಿ ಚೊಂಗೆ, ಮಾಲ್ದಿ. ಗೋಧಿ ಹಿಟ್ಟನ್ನು ಬೆಲ್ಲದ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ದಪ್ಪಗೆ ಲಟ್ಟಿಸಿ, ಮೇಲೆ ಗೀರುಗೀರಾಗಿ ನಕ್ಷೆ ಒತ್ತಿ ಬೇಯಿಸಿದ್ದು ಚೊಂಗೆ. ಚಪಾತಿಯನ್ನು ಬಿಸಿಯಲ್ಲೇ ಪುಡಿ ಮಾಡಿ ಬೆಲ್ಲ ತುಪ್ಪ ಕಲಸಿದರೆ ಮಾಲ್ದಿ. ಮಾದಲಿ ಎಂದು ಲಿಂಗಾಯತರ ಮನೆಯಲ್ಲಿ ಬಡಿಸುವ ಸಿಹಿಗೂ ಇದಕ್ಕೂ ದೂರವೇನಿಲ್ಲ. ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ತಾರೀಕು ಕೇಳಿಕೊಂಡೇ ಹೊರಡಿ. ಹಬ್ಬದ ಮುಖ್ಯ ರಾತ್ರಿಯಾದ ಕತ್ತಲ ರಾತ್ರಿಯಂದು ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಂಗಲು ಲಿಂಗಸುಗೂರೇ ಮೇಲು, ಅಲ್ಲಿಂದ ಮುದಗಲ್ಲಿಗೆ ಬಸ್ಸಿನ ದಾರಿ ದೂರವಲ್ಲ.

ಎಳ್ಳ ಅಮಾವಾಸ್ಯೆ ಡಿಸೆಂಬರ್–ಜನವರಿಯಲ್ಲಿ. ಅಂದು ಊರಲ್ಲಿ ಊಟ ಹುಡುಕಿ ಪ್ರಯೋಜನವಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸಿ, ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆಯ ಎಡೆ ಮಾಡಿ, ನಿಂತ ಬೆಳೆಯ ಸುತ್ತ ಕೂಗು ಹಾಕುತ್ತ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿತಾಯಿಗೆ. ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸುವುದು ವಾಡಿಕೆ. ಕರೆದರೆ ಬೇಡವೆನ್ನಬಾರದು. ಒಂದು ತಿಂಗಳ ಬಳಿಕ ಅದೇ ಹೊಲದಲ್ಲಿ ಹಾಲುಗಾಳಿನ ತೆನೆ ಸುಟ್ಟು ಬಡಿದರೆ ಸೀತನಿ. ಬೆಲ್ಲ, ಹಿಂಡಿ, ಮೊಸರು ಪಕ್ಕದಲ್ಲಿರುತ್ತವೆ.

ಜನವರಿಯಲ್ಲೇ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತವೆ, ಲಕ್ಷಗಳ ಲೆಕ್ಕದಲ್ಲಿ. ಮನೆಗಿಷ್ಟು ಎಂದು ಬಡಿದ ಈ ರೊಟ್ಟಿಗಳ ರಾಶಿ ನೋಡಿದ ಮೇಲೆ ಕಿಮ್‌ಜಾಂಗಿನ ಕೋಸಿನ ಗುಡ್ಡೆ ಅಷ್ಟೇನೂ ದೊಡ್ಡದೆನಿಸುವುದಿಲ್ಲ.

ಮುರುಕು ರೊಟ್ಟಿ

ತಂದ ಖಡಕ್ ರೊಟ್ಟಿಯಲ್ಲಿ ಕಾಲುಭಾಗ ದಾರಿಯಲ್ಲಿ ಮುರಿದಿರುತ್ತದೆ. ಎಸೆಯಬೇಡಿ. ಚೂರುಗಳ ಮೇಲೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಿ, ಇಳಿಸುವಾಗ ಶೇಂಗಾ ಹಿಂಡಿ ಉದುರಿಸಿದರೆ ಬೆಳಗಿನ ತಿಂಡಿಯಾಯಿತು. ಮನೆಯಲ್ಲೇ ಬಡಿದ ದಪ್ಪನೆಯ ಬಿಸಿ ರೊಟ್ಟಿ ಹರಿದುಹೋದರೆ ಅದಕ್ಕೆ ಇನ್ನೂ ಒಳ್ಳೆಯ ಗತಿಯಿದೆ. ಒರಳಿಗೆ ಹಾಕಿ, ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಸೇರಿಸಿ ಬಿಸಿಯಿರುವಾಗಲೇ ಕುಟ್ಟಿ, ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಮುಟಗಿ. ಕಲಿಯುವ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲ ಇದೇ ಊಟವಾಗುತ್ತದೆ. ಮನೆಯವರು ದೂರುವುದಿಲ್ಲ.